ಕೋಟಾ ಬೇಡ ಅನ್ನುವ ಮುಂಚೆ ಬೂತಾಯಿ ಅಳೆದು ನೋಡಿ

ನಾಡದೋಣಿ ಮೀನುಗಾರರ ಸಭೆಯಲ್ಲಿ 'ಕೋಟಾ' (ಇಷ್ಟೇ ಮೀನು ಹಿಡಿಯಬೇಕು ಅನ್ನುವ ಮಿತಿ) ಅಂದರೆ ಸಾಕು, ಅರ್ಧ ಜನ ಎದ್ದು ಹೊರಡುತ್ತಾರೆ. ಕುಂದಾಪುರ ಕಡೆಯ ಒಂದು ಊರಲ್ಲಿ ಹಿರಿಯರೊಬ್ಬರು ನೇರವಾಗಿ ಕೇಳಿದರು, "ಸರ್, ಮಳೆಗಾಲದಲ್ಲಿ ಮೀನು ಸಿಗುವುದೇ ನಾಲ್ಕು ದಿನ. ಆಗಲೂ ಇಷ್ಟೇ ಹಿಡಿ ಅಂದ್ರೆ ಹೊಟ್ಟೆಗೇನು?" ಪ್ರಶ್ನೆ ಸರಿಯೇ ಇದೆ.

ನಾರ್ವೆ, ಐಸ್‌ಲ್ಯಾಂಡ್‌ನಲ್ಲಿ ವರ್ಷಕ್ಕೆ ಯಾವ ಮೀನು ಎಷ್ಟು ಟನ್ ಅಂತ ಲೆಕ್ಕ ಹಾಕಿ ದೋಣಿಗಳಿಗೆ ಹಂಚುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಒಂದೇ ಬಲೆಗೆ ಹತ್ತಾರು ಜಾತಿ ಮೀನು ಬೀಳುತ್ತದೆ, ದೋಣಿಗಳು ಎಷ್ಟೋ ಕಡೆ ದಡ ಸೇರುತ್ತವೆ, ಇದನ್ನೆಲ್ಲ ತೂಗುವವರು ಯಾರು? ಹಾಗಾಗಿ ನಮ್ಮ ಮಿತಿ ಇರುವುದು ದಿನದ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ. ತೂಫಾನ್ ಎದ್ದು ಕಡಲು ಕಲಕಿದ ಮೇಲೆ ಮಾಟುಬಲೆ (ಮೀನಿನ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ದೊಡ್ಡ ಬಲೆ) ಹೊರಡುವುದು ಈ ಹೊತ್ತಿನಲ್ಲೇ. ಬೂತಾಯಿ (ಮತ್ತಿ, ಸಾರ್ಡೀನ್ ಮೀನು) ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಅದಕ್ಕೇ ನಾನು ಟನ್ನಿನ ಮಾತು ಬಿಟ್ಟು ಮೀನಿನ ಉದ್ದದ ಮಾತು ಎತ್ತುತ್ತೇನೆ.

ಬೂತಾಯಿ ಸುಮಾರು 15 ಸೆಂ.ಮೀ. ಆದಾಗ ಮೊಟ್ಟೆಗೆ ಬರುತ್ತದೆ. ಕೇರಳ 2015ರಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂ.ಮೀ. ಅಂತ ಕನಿಷ್ಠ ಅಳತೆ ಗೊತ್ತು ಮಾಡಿತು. ಈಗ ಒಂದು ಲೆಕ್ಕ ನೋಡಿ. ಉದ್ದ 10ರಿಂದ 15 ಆದರೆ ತೂಕ ಒಂದೂವರೆ ಪಟ್ಟಲ್ಲ, ಮೂರು ಪಟ್ಟು ದಾಟುತ್ತದೆ, ಯಾಕೆಂದರೆ ಮೀನು ಉದ್ದದ ಜೊತೆ ಅಗಲ, ದಪ್ಪವೂ ಬೆಳೆಯುತ್ತದೆ. ನೂರು ಮರಿ ಬಿಟ್ಟಿರಿ, ಅದರಲ್ಲಿ ಐವತ್ತು ಸತ್ತವು, ಇಲ್ಲ ಬೇರೆ ಮೀನು ತಿಂದವು ಅಂತಲೇ ಇಟ್ಟುಕೊಳ್ಳಿ. ಉಳಿದ ಐವತ್ತರ ತೂಕ ಆ ನೂರು ಮರಿಯ ತೂಕಕ್ಕಿಂತ ಜಾಸ್ತಿ. ಜೊತೆಗೆ ಅದು ಮನೆ ಸಾರಿಗೆ ಹೋಗುವ ಮೀನು. ಮರಿ ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ, ಅಲ್ಲಿ ಸಿಗುವ ದರ ನಿಮಗೇ ಗೊತ್ತು.

"ಬೋಟಿನವರು ಮರಿ ಬಾಚುತ್ತಾರೆ, ಲೈಟ್ ಹಾಕಿ ಹಿಡಿಯುತ್ತಾರೆ, ಅವರಿಗೆ ಮೊದಲು ಹೇಳಿ." ಈ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ನಿಜ, ಬೆಳಕು ಮೀನುಗಾರಿಕೆಗೆ 2017ರಲ್ಲೇ ನಿಷೇಧ ಬಂದಿದೆ, ಅದನ್ನು ಬಿಗಿ ಮಾಡಲೇಬೇಕು. ಹಾಗಂತ ನಮ್ಮ ಬಲೆಗೆ ಬಿದ್ದ ಮರಿ ಬೇರೆಯವರ ಲೆಕ್ಕಕ್ಕೆ ಹೋಗುವುದಿಲ್ಲ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ 4 ಸಾವಿರ ಟನ್ನೂ ಸಿಗಲಿಲ್ಲ. ಕಡಲು ಬಿಸಿಯಾಗಿದ್ದೂ ಕಾರಣ, ಪೂರ್ತಿ ತಪ್ಪು ಮೀನುಗಾರರದ್ದಲ್ಲ. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ, ಬಲೆ ಇದೆ ಅಲ್ವಾ?

ಬೂತಾಯಿ ತುಂಬ ಸೂಕ್ಷ್ಮ. ಬಲೆ ಬಿಗಿದು, ಒತ್ತಾಗಿ, ಹುರುಪೆ (ಮೈಮೇಲಿನ ಚಿಪ್ಪು) ಉದುರಿದ ಮೇಲೆ ನೀರಿಗೆ ಬಿಟ್ಟರೂ ಬದುಕುವುದಿಲ್ಲ. ಹಾಗಾಗಿ ಬಲೆ ಇನ್ನೂ ಸಡಿಲ ಇರುವಾಗಲೇ ಒಂದು ಬುಟ್ಟಿ ಮೀನು ತೆಗೆದು ನೋಡಿ. ದೋಣಿಯ ಅಂಚಿನಲ್ಲಿ 10 ಮತ್ತು 14 ಸೆಂ.ಮೀ.ಗೆ ಎರಡು ಗೀರು ಹಾಕಿಟ್ಟರೆ ಸಾಕು, ಸ್ಕೇಲ್ ಹುಡುಕುವುದು ಬೇಡ. ನೂರರಲ್ಲಿ ಅರ್ಧಕ್ಕಿಂತ ಜಾಸ್ತಿ ಗೀರಿಗಿಂತ ಚಿಕ್ಕದಿದ್ದರೆ ಬಲೆ ಬಿಚ್ಚಿ. ಈ 'ಅರ್ಧ' ನಾನು ಹೇಳುವ ಅಳತೆ, ಕಾನೂನಿನದ್ದಲ್ಲ. ಇನ್ನೂ ಬಿಗಿ ಮಾಡಿಕೊಂಡರೆ ಒಳ್ಳೆಯದೇ. ದೋಣಿಯಲ್ಲಿ ಇರುವವರಿಗೆಲ್ಲ ಪಾಲು ಇರುವುದರಿಂದ ತಂಡೇಲ (ದೋಣಿಯ ಮುಖ್ಯಸ್ಥ) ಒಬ್ಬನೇ ಇದನ್ನು ನಿರ್ಧರಿಸಿದರೆ ಜಗಳ ಖಂಡಿತ. ಎಲ್ಲರೂ ಕೂತು ಮೊದಲೇ ಒಪ್ಪಿಕೊಂಡಿರಬೇಕು.

ಇಷ್ಟೇ ಹಿಡಿ ಅನ್ನುವ ಮಿತಿ ನಾನು ಹೇಳುವುದು ಒಂದೇ ಸಂದರ್ಭದಲ್ಲಿ. ಹತ್ತು ದೋಣಿಗೂ ಒಂದೇ ದಿನ ಭರ್ತಿ ಬೂತಾಯಿ ಸಿಕ್ಕರೆ ಏಲಂ ಕುಸಿಯುತ್ತದೆ, ಐಸ್ ಸಾಲುವುದಿಲ್ಲ, ಮಧ್ಯಾಹ್ನದೊಳಗೆ ಮೀನಿನ ಹೊಟ್ಟೆ ಒಡೆಯುತ್ತದೆ. ಅಂಥ ದಿನ ದೋಣಿಗೆ ಒಂದೇ ಸಲ ಬಲೆ ಅಂತ ಊರೇ ನಿಯಮ ಮಾಡಿಕೊಳ್ಳಲಿ. ಪಕ್ಕದ ಊರಿನವರು ಎರಡು ಸಲ ಬಲೆ ಹಾಕಿದರೆ ಇದು ಮುರಿದುಬೀಳುತ್ತದೆ, ಹಾಗಾಗಿ ಅವರನ್ನೂ ಕರೆದು ಕೂರಿಸಿ.

ಈ ಮಾತುಕತೆಯನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ತೂಫಾನ್ ಎದ್ದು ಮೀನಿನ ಸುಳಿವು ಸಿಕ್ಕ ಮೇಲೆ ಯಾರಿಗೂ ಕೂತು ಕೇಳುವ ತಾಳ್ಮೆ ಇರುವುದಿಲ್ಲ.