ಕಾರ್ಲ್ಸನ್ ಟಿಪ್ಪಣಿ: ರಿಸೆಪ್ಟರ್ ಮುಚ್ಚಿದರೆ ಡೋಪಮಿನ್ ಯಾಕೆ ಜಾಸ್ತಿ ಹೊರಬರುತ್ತದೆ?

ಆರ್ವಿಡ್ ಕಾರ್ಲ್ಸನ್ ಅಂದರೆ ನಮ್ಮ ನೋಟ್ಸ್‌ನಲ್ಲಿ ಒಂದೇ ಸಾಲು: ಸ್ವೀಡನ್, ಡೋಪಮಿನ್ (ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಮಿದುಳಿನ ರಾಸಾಯನಿಕ), 2000ದ ನೊಬೆಲ್ (ಗ್ರೀನ್‌ಗಾರ್ಡ್, ಕ್ಯಾಂಡೆಲ್ ಜೊತೆ). ಆದರೆ ಅವರ ಪ್ರಯೋಗಗಳನ್ನು ಸಾಲಾಗಿ ಓದಿದರೆ ಸಿಎನ್‌ಎಸ್ (ಮಿದುಳು, ನರಮಂಡಲ) ಚಾಪ್ಟರ್‌ನ ಎಷ್ಟೋ ಭಾಗ ಬಾಯಿಪಾಠ ಮಾಡದೆಯೇ ನೆನಪಿರುತ್ತದೆ.

ಶುರುವಾಗುವುದು ಸರ್ಪಗಂಧದ ಬೇರಿನಿಂದ. ಅದರೊಳಗಿನ ರೆಸರ್ಪಿನ್ ಅನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಬೇರ್ಪಡಿಸಿದರು. ಬಿಪಿಗೂ ಕೊಡುತ್ತಿದ್ದರು, ಮಾನಸಿಕ ಕಾಯಿಲೆಗೂ ಕೊಡುತ್ತಿದ್ದರು. ಅಮೆರಿಕದಲ್ಲಿ ಬ್ರೋಡಿ ಅವರ ಲ್ಯಾಬ್‌ನವರು ಇದು ಮಿದುಳಿನ ಇನ್ನೊಂದು ಸುದ್ದಿವಾಹಕ ಸೆರೊಟೋನಿನ್ ಅನ್ನು ಖಾಲಿ ಮಾಡುತ್ತದೆ ಅಂತ ತೋರಿಸಿದ್ದರು. ಕಾರ್ಲ್ಸನ್ ಅಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಸ್ವೀಡನ್ನಿನ ಲುಂಡ್‌ಗೆ ವಾಪಸ್ ಬಂದರು. ಸಹೋದ್ಯೋಗಿ ಹಿಲಾರ್ಪ್ ಜೊತೆ ಸೇರಿ ನೋಡಿದರೆ ಇಂಥದೇ ಮತ್ತೊಂದು ಸುದ್ದಿವಾಹಕ ನಾರ್‌ಅಡ್ರಿನಲಿನ್ ಕೂಡ ಖಾಲಿ.

1957ರ ಮೊಲದ ಪ್ರಯೋಗ ನಿಮಗೆ ಗೊತ್ತೇ ಇರುತ್ತದೆ. ರೆಸರ್ಪಿನ್ ಕೊಟ್ಟ ಮೊಲ ಕಿವಿ ಜೋಲು ಬಿಟ್ಟು ಕೂತಲ್ಲೇ ಕೂತಿತ್ತು. ಸೆರೊಟೋನಿನ್ ಆಗುವ 5-ಎಚ್‌ಟಿಪಿ ಕೊಟ್ಟರೆ ಏನೂ ಪ್ರಯೋಜನವಿಲ್ಲ. ದೇಹದೊಳಗೆ ಡೋಪಮಿನ್ ಆಗುವ ಡೋಪಾ ಕೊಟ್ಟರೆ ಎದ್ದು ಓಡಾಡಿತು. ಆದರೆ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ತುಂಬಿರಲಿಲ್ಲ, ತುಂಬಿದ್ದು ಡೋಪಮಿನ್. ಅಲ್ಲಿಯವರೆಗೆ ಡೋಪಮಿನ್ ಅಂದರೆ ನಾರ್‌ಅಡ್ರಿನಲಿನ್ ತಯಾರಾಗುವ ದಾರಿಯಲ್ಲಿ ಸಿಗುವ ಒಂದು ಸ್ಟಾಪ್ ಅಷ್ಟೇ. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಪಾರ್ಕಿನ್ಸನ್ ರೋಗಿಗಳ ಸ್ಟ್ರಯೇಟಮ್‌ನಲ್ಲಿ (ಚಲನೆ ನಿಯಂತ್ರಿಸುವ ಮಿದುಳಿನ ಭಾಗ) ಡೋಪಮಿನ್ ತೀರಾ ಕಡಿಮೆ ಅಂತ ತೋರಿಸಿದರು. ಪಾರ್ಕಿನ್ಸನ್‌ಗೆ ಮದ್ದಾಗಿ ಕೊಡುವ ಡೋಪಾ, ಅಂದರೆ ಲೆವೊಡೋಪಾ, ಬಂದದ್ದು ಆ ದಾರಿಯಲ್ಲಿ. (ನಮ್ಮ ಉಡುಪಿ ಕಡೆ ಬೇಲಿಗೆ ಹಬ್ಬುವ ನಸುಗುನ್ನಿ ಇದೆಯಲ್ಲ, ಮುಟ್ಟಿದರೆ ಮೈಯೆಲ್ಲ ತುರಿಕೆ, ಅದರ ಬೀಜದಲ್ಲೂ ಇರುವುದು ಇದೇ ಲೆವೊಡೋಪಾ.)

ಈಗ ತಲೆ ಕೆಡಿಸುವ 1963. ನನಗೆ ಇದು ಒಳಗೆ ಇಳಿಯಲು ತುಂಬಾ ಹೊತ್ತು ಹಿಡಿಯಿತು, ಹಾಗಾಗಿ ನಿಧಾನಕ್ಕೆ ಬರೆಯುತ್ತೇನೆ.

ಮಾನಸಿಕ ಕಾಯಿಲೆಯ ಇನ್ನೊಂದು ಮದ್ದು ಕ್ಲೋರ್‌ಪ್ರೊಮಜಿನ್ ಕೊಟ್ಟರೂ ಪ್ರಾಣಿ ರೆಸರ್ಪಿನ್ ಕೊಟ್ಟ ಹಾಗೇ ಮಂಕಾಗುತ್ತದೆ. ಹಾಗಾದರೆ ಡೋಪಮಿನ್ ಇಲ್ಲೂ ಖಾಲಿಯಾಗಬೇಕು, ಅಲ್ವಾ? ಆಗಲ್ಲ. ಗೋಥೆನ್‌ಬರ್ಗ್‌ನಲ್ಲಿ ಕಾರ್ಲ್ಸನ್ ಮತ್ತು ಲಿಂಡ್‌ಕ್ವಿಸ್ಟ್ ಇಲಿಗಳಿಗೆ ಕ್ಲೋರ್‌ಪ್ರೊಮಜಿನ್ ಅಥವಾ ಅದೇ ಬಗೆಯ ಹ್ಯಾಲೊಪೆರಿಡಾಲ್ ಕೊಟ್ಟರು. ಡೋಪಮಿನ್ ದಾಸ್ತಾನು ಇಳಿಯಲಿಲ್ಲ. ಜಾಸ್ತಿಯಾದದ್ದು 3-ಮಿಥಾಕ್ಸಿಟೈರಮಿನ್. ಇಷ್ಟನ್ನೇ ಇಟ್ಟುಕೊಂಡು ಅವರು ಹೇಳಿದ್ದು: ಈ ಮದ್ದುಗಳು ರಿಸೆಪ್ಟರ್ (ಸುದ್ದಿ ಪಡೆಯುವ ಕೋಶದ ಮೇಲೆ ಡೋಪಮಿನ್ ಬಂದು ಕೂರುವ ಜಾಗ) ಮುಚ್ಚುತ್ತಿರಬೇಕು. ಎಲ್ಲಿಂದ ಎಲ್ಲಿಗೆ!

ಮೊದಲು ಆ 3-ಮಿಥಾಕ್ಸಿಟೈರಮಿನ್ ಏನು ಅಂತ ನೋಡಿ. ನರಕೋಶದ ಒಳಗೇ ಸೋರಿದ ಡೋಪಮಿನ್ ಎಂಎಒ ಅನ್ನುವ ಕಿಣ್ವದ ಬಾಯಿಗೆ ಬೀಳುತ್ತದೆ. ಹೊರಗೆ ಬಿದ್ದದ್ದು ಸಿಒಎಂಟಿ ಅನ್ನುವ ಇನ್ನೊಂದು ಕಿಣ್ವಕ್ಕೆ ಸಿಕ್ಕಿ 3-ಮಿಥಾಕ್ಸಿಟೈರಮಿನ್ ಆಗುತ್ತದೆ. ಅಂದರೆ ಇದು ಹೊರಗೆ ಬಂದ ಡೋಪಮಿನ್‌ನ ರಸೀದಿ. ರಸೀದಿ ಜಾಸ್ತಿ ಇದ್ದರೆ ಬಿಡುಗಡೆಯೂ ಜಾಸ್ತಿ. (ಎಂಎಒ ಈ ರಸೀದಿಯನ್ನೂ ತಿಂದುಬಿಡುತ್ತದೆ. ಅದಕ್ಕೇ ಪ್ರಯೋಗದಲ್ಲಿ ಎಂಎಒ ಅನ್ನು ಮೊದಲೇ ತಡೆದಿದ್ದರು.)

ಬಿಡುಗಡೆ ಜಾಸ್ತಿ, ಆದರೂ ಪ್ರಾಣಿ ಡೋಪಮಿನ್ ಇಲ್ಲದ ಹಾಗೆ ಕೂತಿದೆ. ಅಂದರೆ ಸುದ್ದಿ ಆ ಕಡೆ ಮುಟ್ಟುತ್ತಿಲ್ಲ. ಮುಟ್ಟದಿದ್ದರೆ ಮುಟ್ಟಿಸಬೇಕಾದ ನರಕೋಶ ಸುಮ್ನೆ ಇರಲ್ಲ, ಇನ್ನಷ್ಟು ಕಳಿಸುತ್ತದೆ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಡ್ರೈವರ್ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾನೆ ಅಂದುಕೊಳ್ಳಿ. ಬಸ್ ನಿಲ್ಲಲ್ಲ, ಕಂಡಕ್ಟರ್ ಮೇಲಿಂದ ಮೇಲೆ ಸೀಟಿ ಊದುತ್ತಾನೆ. ಕಾರ್ಲ್ಸನ್ ಅಳೆದದ್ದು ಸೀಟಿಯನ್ನು ಮಾತ್ರ. ಹತ್ತಿ ಇದೆ ಅಂತ ಹೇಳಿದ್ದು ಊಹೆಯ ಮೇಲೆ. ಡೋಪಮಿನ್ ರಿಸೆಪ್ಟರ್‌ಗೆ ಈ ಮದ್ದುಗಳು ಅಂಟಿಕೊಳ್ಳುವುದನ್ನು ವಿಕಿರಣ ಗುರುತು ಹಾಕಿ ನೇರವಾಗಿ ಅಳೆದದ್ದು 1970ರ ದಶಕದಲ್ಲಿ.

ಇಷ್ಟೊಂದು ಖರ್ಚಾದರೂ ದಾಸ್ತಾನು ಯಾಕೆ ಇಳಿಯಲಿಲ್ಲ? ತಯಾರಿಕೆಯೂ ಜೊತೆಗೇ ಏರಿತು, ಅಷ್ಟೇ.

ಗ್ರೀನ್‌ಗಾರ್ಡ್ ಕತೆ ರಿಸೆಪ್ಟರ್‌ನಿಂದ ಒಳಗೆ, ಸುದ್ದಿ ಸಿಕ್ಕ ಕೋಶದಲ್ಲಿ ಏನಾಗುತ್ತದೆ ಅಂತ: ಸೈಕ್ಲಿಕ್ ಎಎಂಪಿ, ಪ್ರೋಟೀನ್‌ಗೆ ಫಾಸ್ಫೇಟ್ ಅಂಟುವುದು, ಡಾರ್ಪ್-32 ಅನ್ನುವ ಪ್ರೋಟೀನ್. ಅದಕ್ಕೆ ಬೇರೆ ಟಿಪ್ಪಣಿಯೇ ಬೇಕು.

ವೈವಾಗೆ (ಮೌಖಿಕ ಪರೀಕ್ಷೆಗೆ) ನನ್ನ ಶಾರ್ಟ್‌ಕಟ್: ಯಾವ ಮದ್ದು ಬಂದರೂ "ದಾಸ್ತಾನು ಇದೆಯಾ, ಹೊರಗೆ ಬರುತ್ತಿದೆಯಾ, ಆ ಕಡೆ ಕೇಳುತ್ತಿದೆಯಾ" ಅಂತ ಕೇಳಿಕೊಳ್ಳಿ. ರೆಸರ್ಪಿನ್‌ನಲ್ಲಿ ದಾಸ್ತಾನೇ ಇಲ್ಲ, ಹಾಗಾಗಿ ಡೋಪಾ ಕೊಟ್ಟರೆ ಮೊಲ ಎದ್ದಿತು. ಹ್ಯಾಲೊಪೆರಿಡಾಲ್‌ನಿಂದ ಕೈಕಾಲು ಬಿಗಿದವರಿಗೆ ಲೆವೊಡೋಪಾ ಯಾಕೆ ಕೊಡಲ್ಲ ಅಂತ ಕೇಳಿದರೆ ಉತ್ತರ ಇಲ್ಲೇ ಇದೆ: ಡೋಪಮಿನ್‌ಗೆ ಕೊರತೆ ಇಲ್ಲ, ರಿಸೆಪ್ಟರ್ ಮುಚ್ಚಿದೆ. ಅದಕ್ಕೇ ಅಲ್ಲಿ ಡೋಸ್ ಇಳಿಸುತ್ತಾರೆ, ಇಲ್ಲವೇ ಅಸಿಟೈಲ್‌ಕೋಲಿನ್ ಅನ್ನುವ ಬೇರೆ ಸುದ್ದಿವಾಹಕವನ್ನು ತಡೆಯುವ ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ.