ಡೈನೋಸಾರ್‌ಗಿಂತ ಹಳೆಯ ಹಾಸನ

ಬೋರ್‌ವೆಲ್ ಪಾಯಿಂಟ್ ತೋರಿಸಲು ಹೋದ ಊರಲ್ಲೆಲ್ಲ ಮಕ್ಕಳು ಸುತ್ತ ಸೇರುತ್ತಾರೆ. ಪ್ರಶ್ನೆ ಒಂದೇ: "ಸಾರ್, ಇಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ?"

ಸಿಗಲ್ಲ. ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಗೊರೂರಿನ ಬೂದು ಬಂಡೆಗಳಿಗೆ 330 ಕೋಟಿ ವರ್ಷ ಆಗಿದೆ. ಆಗ ಮೂಳೆ ಇರುವ ಪ್ರಾಣಿಯೇ ಭೂಮಿ ಮೇಲೆ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು.

ಅವುಗಳ ಗುರುತು ನೋಡಬೇಕಾದರೆ ಬಾಬಾಬುಡನ್‌ಗಿರಿ ಕಡೆ ಹೋಗಬೇಕು. ಅಲ್ಲಿ ಪಟ್ಟೆ ಪಟ್ಟೆಯಾದ ಕಲ್ಲು ಸಿಗುತ್ತದೆ. ಕಪ್ಪು ಗೆರೆ ಕಬ್ಬಿಣದ್ದು, ತಿಳಿ ಬಣ್ಣದ್ದು ಸಿಲಿಕಾ. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಭಾರ ಜಾಸ್ತಿ. ಕೆಲವು ತುಂಡುಗಳಿಗೆ ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ಸುಮಾರು 270 ಕೋಟಿ ವರ್ಷದ ಹಿಂದೆ ಇದೆಲ್ಲ ಸಮುದ್ರದ ತಳ. ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇತ್ತು. ಬಿಸಿಲು ಕುಡಿದು ಬದುಕುವ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಗುಲಿ ಅದು ತುಕ್ಕಾಗಿ ತಳಕ್ಕೆ ಇಳಿಯಿತು ಅನ್ನುವುದು ಒಂದು ವಾದ. ಆಮ್ಲಜನಕವೂ ಬೇಕಿಲ್ಲ, ಕೆಲವು ಜೀವಿಗಳು ನೇರವಾಗಿ ಕಬ್ಬಿಣವನ್ನೇ ಬಳಸಿ ತುಕ್ಕು ಮಾಡಿದವು ಅನ್ನುವುದು ಇನ್ನೊಂದು. ಎರಡರಲ್ಲೂ ಜೀವಿಗಳ ಕೈವಾಡ ಇದ್ದೇ ಇದೆ. ಕುದುರೆಮುಖದಲ್ಲಿ ಇದೇ ಜಾತಿಯ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಅದು ನಿಂತಿತು.

ಇನ್ನು ನಮ್ಮ ದೇವಸ್ಥಾನಗಳು. ಹಳೇಬೀಡಿನ ಶಿಲ್ಪ ನೋಡಿದವರೆಲ್ಲ ಜಕಣಾಚಾರಿಯ ಕೈಚಳಕ ಹೊಗಳುತ್ತಾರೆ. ಕಲ್ಲಿಗೂ ಅರ್ಧ ಪಾಲು ಸಲ್ಲಬೇಕು ಅನ್ನುವುದು ನನ್ನ ತಕರಾರು. ಅದು ಬಳಪದ ಕಲ್ಲು. ಮೆಗ್ನೀಸಿಯಂ ಜಾಸ್ತಿ ಇದ್ದ ಹಳೆಯ ಲಾವಾ, ನೀರು ಮತ್ತು ಶಾಖಕ್ಕೆ ಸಿಕ್ಕಿ ಹೀಗೆ ಮೆತ್ತಗಾದದ್ದು. ಹೊಳೆನರಸೀಪುರ, ನುಗ್ಗೇಹಳ್ಳಿ ಸುತ್ತ ಇಂಥ ಕಲ್ಲಿನ ಪಟ್ಟಿಗಳಿವೆ. ಹೊಲದ ಬದಿಯಲ್ಲಿ ಒಂದು ಚೂರು ಸಿಕ್ಕರೆ ಉಗುರಿನಿಂದ ಗೀರಿ, ಬಿಳಿ ಪುಡಿ ಬರುತ್ತದೆ, ಮುಟ್ಟಿದರೆ ನುಣುಪು. (ದೇವಸ್ಥಾನದ ಗೋಡೆ ಮೇಲೆ ಈ ಪ್ರಯೋಗ ಬೇಡ!) ಇಷ್ಟು ಮೆದು ಇರುವುದಕ್ಕೇ ಉಳಿಗೆ ಓಲೆಯ ಮಣಿ, ಬೆರಳಿನ ಉಂಗುರ ಕೂಡ ಬಿಡಿಸಲು ಆಯಿತು.

ಶ್ರವಣಬೆಳಗೊಳದಲ್ಲಿ ಹಾಗಲ್ಲ. ಅಲ್ಲಿ ಗಟ್ಟಿ ಗ್ರಾನೈಟ್. 981ರ ಸುಮಾರಿಗೆ ಕಡೆದ ಗೊಮ್ಮಟನ ಮೈಯಲ್ಲಿ ಒಡವೆ ಇಲ್ಲದಿರುವುದು ಧರ್ಮದ ಕಾರಣಕ್ಕೆ, ಅದು ಸರಿಯೇ. ಆದರೆ ಸುಮಾರು 57 ಅಡಿ ಎತ್ತರದ ಆ ಬಯಲಿನಂಥ ನುಣುಪು ಮೈ ಸಾವಿರ ವರ್ಷ ಬಿಸಿಲು ಮಳೆಗೆ ನಿಂತದ್ದು ಕಲ್ಲಿನ ಗುಣದಿಂದ. ಹೊಯ್ಸಳರ ಕುಸುರಿಯನ್ನು ಆ ಬಂಡೆಯಲ್ಲಿ ಮಾಡಿ ನೋಡಿ ಅಂದರೆ ಶಿಲ್ಪಿ ಉಳಿ ಬಿಸಾಕಿ ಹೋಗುತ್ತಿದ್ದ ಅಂತ ನನ್ನ ಅನುಮಾನ.

ಘಟ್ಟದ ಅಂಚೂ ಹಳೆಯ ಕಥೆಯೇ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡಿತು, ಪಡುವಣ ಅಂಚು ಎತ್ತರಕ್ಕೆ ಉಳಿಯಿತು. ಮುಂಗಾರು ಅಲ್ಲೇ ಸುರಿದು ಮುಗಿಯುತ್ತದೆ. ಅದಕ್ಕೇ ಸಕಲೇಶಪುರದಲ್ಲಿ ಕಾಫಿ, ನೂರು ಕಿಲೋಮೀಟರ್ ಒಳಗೇ ಅರಸೀಕೆರೆಯಲ್ಲಿ ತೆಂಗು ಮತ್ತು ನೀರಿನ ಚಿಂತೆ.

ಆ ಚಿಂತೆಯೇ ನನ್ನ ಹೊಟ್ಟೆಪಾಡು. ಈ ಹಳೆಯ ಬಂಡೆಯ ಒಳಗೆ ನೀರು ನಿಲ್ಲಲು ರಂಧ್ರಗಳೇ ಇಲ್ಲ. ನೀರು ಸಿಗುವುದು ಮೇಲಿನ ಸವೆದ ಪದರದಲ್ಲಿ, ಇಲ್ಲವೇ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಹಿಂದಿನವರು ಸುಮ್ನೆ ಊರಿಗೊಂದು ಕೆರೆ ಕಟ್ಟಲಿಲ್ಲ ಅಲ್ವಾ? ಕೆರೆ ನೀರು ನಿಧಾನವಾಗಿ ಇಂಗಿ ಆ ಸವೆದ ಪದರವನ್ನೇ ತುಂಬುತ್ತದೆ. ಆದ್ದರಿಂದ ಸಾವಿರ ಅಡಿ ಕೊರೆಸುತ್ತೇನೆ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ನಿಮ್ಮೂರ ಕೆರೆ ಹೂಳು ತೆಗೆದು ಎಷ್ಟು ವರ್ಷ ಆಯಿತು?