ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಲೇಬೇಕಾ?

ಓದುಗರ ಪ್ರಶ್ನೆ: ಬನಶಂಕರಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ ಮತ್ತು ಮೂರು ರೂಮಿಗೆ ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್ ಎಳೆದು ಸೆಂಟ್ರಲ್ ಎಸಿ ಹಾಕಿಸುವ ಯೋಚನೆ ಇದೆ. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು, ಅದನ್ನೂ ಸೇರಿಸಿ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಕೊಳ್ಳಿ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಇದು ನಿಜವಾ?

ಅಲ್ಲ. ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದೇ, ಕೇಳಿದಾಗಲೆಲ್ಲ ಹೇಳುವ ಉತ್ತರವೂ ಇದೇ. ಎಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ನಿಮ್ಮ ಅಡುಗೆಮನೆಯ ಫ್ರಿಜ್ ನೋಡಿ. ಹತ್ತು ಹನ್ನೆರಡು ವರ್ಷದಿಂದ ಹಗಲು ರಾತ್ರಿ ಓಡುತ್ತಿದೆ, ಅದಕ್ಕೆ ಯಾರಾದರೂ ವರ್ಷ ವರ್ಷ ಗ್ಯಾಸ್ ಹಾಕಿದ್ದಾರಾ? ಎಸಿ ಒಳಗೆ ನಡೆಯುವುದೂ ಅದೇ ಕೆಲಸ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಒಳಗಿನ ಕಾಯಿಲ್‌ನಲ್ಲಿ ರೂಮಿನ ಬಿಸಿ ಹೀರಿ ಮತ್ತೆ ಗ್ಯಾಸ್ ಆಗುತ್ತದೆ. ಅದೇ ಗ್ಯಾಸ್ ಸುತ್ತು ಹಾಕುತ್ತಲೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ, ಅಷ್ಟೇ. ಸೋರುವ ಜಾಗ ಹುಡುಕದೆ ಮೇಲಿಂದ ತುಂಬಿಸುವುದು ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ಒಂದು ಘಟನೆ ಹೇಳುತ್ತೇನೆ. ಜೆ.ಪಿ. ನಗರದಲ್ಲಿ ನಮ್ಮ ಅಕ್ಕನ ಮನೆ. ಎಸಿ ಹಾಕಿಸುವಾಗ ನಾನು ಕೆಲಸದ ಮೇಲೆ ಮೈಸೂರಿನಲ್ಲಿದ್ದೆ. ಮೂರು ಬೇಸಿಗೆ ಸಾಲಾಗಿ ಗ್ಯಾಸ್ ತುಂಬಿಸಿದ್ದರು. ನಾಲ್ಕನೇ ಮಾರ್ಚ್‌ನಲ್ಲಿ ಅಕ್ಕ ಫೋನ್ ಮಾಡಿ, "ಮತ್ತೆ ತಣ್ಣಗಾಗ್ತಿಲ್ಲ ಕಣೋ, ಈ ಸಲವೂ ಗ್ಯಾಸ್ ಹೋಗಿದೆಯಂತೆ" ಅಂದಳು. ಆ ವಾರವೇ ಬಂದು ನೋಡಿದೆ. ಔಟ್‌ಡೋರ್ ಯೂನಿಟ್‌ನ ಜಾಯಿಂಟ್‌ಗಳು ಸರಿಯಾಗಿದ್ದವು. ಇಂಡೋರ್ ಕಡೆಯೂ ಸರಿ. ಆಮೇಲೆ ಹಾಲ್‌ನ ಸೀಲಿಂಗ್‌ನಲ್ಲಿ ಅಂಗೈ ಅಗಲದ ಹಳದಿ ಕಲೆ ಕಣ್ಣಿಗೆ ಬಿತ್ತು. ಮಳೆ ನೀರಿನ ಕಲೆ ಅಂತ ಭಾವ ಅದರ ಮೇಲೆ ಎರಡು ಸಲ ಪೇಂಟ್ ಹೊಡೆಸಿದ್ದರು. ಬೆರಳಿನಿಂದ ಒರೆಸಿದೆ, ಜಿಡ್ಡು. ನೀರಿನ ಕಲೆ ಜಿಡ್ಡಾಗಿರುವುದಿಲ್ಲ. ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ ಕೂಡ ಪೈಪಿನಲ್ಲಿ ಓಡಾಡುತ್ತದೆ, ಹಾಗಾಗಿ ಗ್ಯಾಸ್ ಸೋರುವ ಕಡೆ ಸಾಮಾನ್ಯವಾಗಿ ಆಯಿಲ್ ಕಾಣಿಸುತ್ತದೆ.

ಬೋರ್ಡ್ ಕತ್ತರಿಸಿ, ಪೈಪಿಗೆ ಸುತ್ತಿದ್ದ ಕಪ್ಪು ಫೋಮ್ ಬಿಚ್ಚಿದೆ. ಪೈಪ್ ಎರಡು ಅಡಿ ಸಾಲದೆ ಬಂದಿದ್ದಕ್ಕೆ ನಟ್ ಹಾಕಿ ತುಂಡು ಜೋಡಿಸಿದ್ದರು. ಸೋಪಿನ ನೊರೆ ಹಚ್ಚಿ ಟಾರ್ಚ್ ಹಿಡಿದು ಕಾದೆ. ಮೊದಲು ಏನೂ ಇಲ್ಲ. ಅರ್ಧ ನಿಮಿಷ ಆದ ಮೇಲೆ ರಾಗಿ ಕಾಳಿನಷ್ಟು ಸಣ್ಣ ಗುಳ್ಳೆ ಒಂದು ಎದ್ದಿತು, ಅದರ ಪಕ್ಕ ಇನ್ನೊಂದು. ಮೂರು ವರ್ಷದ ದುಡ್ಡು ಹೋಗಿದ್ದು ಆ ಗುಳ್ಳೆಯಲ್ಲಿ. ನಟ್ ಕತ್ತರಿಸಿ ತೆಗೆದು, ಪೈಪನ್ನು ಬೆಸುಗೆ ಹಾಕಿ, ಟೆಸ್ಟ್ ಮಾಡಿ, ತೂಕ ಹಾಕಿ ಗ್ಯಾಸ್ ತುಂಬಿದೆವು. ಆಮೇಲೆ ಆರು ವರ್ಷವಾಯಿತು. ಒಂದು ಗ್ರಾಂ ಕೂಡ ಹಾಕಿಲ್ಲ.

ಅದಕ್ಕೇ ಹೇಳುವುದು, ಎಎಂಸಿ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಫಿಟ್ಟಿಂಗ್ ದಿನದ ಬಗ್ಗೆ ಯೋಚಿಸಿ. ಮುಂದಿನ ಹತ್ತು ವರ್ಷ ಎಸಿ ಹೇಗಿರುತ್ತದೆ ಅನ್ನುವುದು ಬಹಳ ಮಟ್ಟಿಗೆ ಆ ಎರಡು ಮೂರು ದಿನದಲ್ಲೇ ತೀರ್ಮಾನ ಆಗುತ್ತದೆ.

ಸೀಲಿಂಗ್ ಒಳಗೆ ಜಾಯಿಂಟ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಇರಲೇಬೇಕಾದರೆ ಬೆಸುಗೆ ಹಾಕಿದ್ದಾಗಿರಲಿ, ನಟ್ ಬೇಡ. ಬೆಸುಗೆ ಹಾಕುವಾಗ ಪೈಪಿನೊಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಬೇಕು. ಇಲ್ಲದಿದ್ದರೆ ಕಾದ ತಾಮ್ರ ಒಳಗಿನ ಗಾಳಿ ಜೊತೆ ಸೇರಿ ಕಪ್ಪು ಹಕ್ಕಳೆ ಕಟ್ಟುತ್ತದೆ, ಅದು ಉದುರಿ ಹೋಗಿ ಸಣ್ಣ ದಾರಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬೆಂಕಿ ಕೆಲಸ ನಡೆಯುವಾಗ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಮರ, ಫೋಮ್, ಪೇಂಟ್ ಡಬ್ಬ ಎಲ್ಲ ದೂರ ಇರಲಿ.

ಆಮೇಲೆ ಪ್ರೆಷರ್ ಟೆಸ್ಟ್, ಅಂದರೆ ಪೈಪಿನಲ್ಲಿ ಒತ್ತಡ ತುಂಬಿ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡುವುದು. ಇದು ನೈಟ್ರೋಜನ್‌ನಲ್ಲೇ ಆಗಬೇಕು, ಎಷ್ಟು ಪ್ರೆಷರ್ ಅಂತ ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ಸಿಲಿಂಡರ್‌ಗೆ ರೆಗ್ಯುಲೇಟರ್ ಇರಲೇಬೇಕು. ಬೆಸುಗೆಗೆ ತಂದ ಆಕ್ಸಿಜನ್ ಇದೆಯಲ್ಲ ಅಂತ ಅದನ್ನೇ ಬಿಟ್ಟರೆ ಸಾವು ಕರೆದ ಹಾಗೆ. ಪ್ರೆಷರ್‌ನಲ್ಲಿರುವ ಆಕ್ಸಿಜನ್ ಮತ್ತು ಆಯಿಲ್ ಸೇರಿದರೆ ಸ್ಫೋಟ ಆಗುತ್ತದೆ. ಇದನ್ನು ಯಾರಾದರೂ ಮಾಡುವುದು ಕಂಡರೆ ಕೆಲಸ ನಿಲ್ಲಿಸಿ, ಮುಲಾಜು ನೋಡಬೇಡಿ.

ಟೆಸ್ಟ್ ಒಂದು ರಾತ್ರಿ ಪೂರ್ತಿ ನಿಲ್ಲಲಿ. ಸಂಜೆ ಗೇಜ್‌ನ ಫೋಟೋ ತೆಗೆಯಿರಿ, ಹೊರಗಿನ ಟೆಂಪರೇಚರ್ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಮತ್ತೆ ಫೋಟೋ. ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಊರಲ್ಲಿ ಸಂಜೆ 32 ಡಿಗ್ರಿ ಇದ್ದದ್ದು ಬೆಳಗಿನ ಜಾವ 20ಕ್ಕೆ ಇಳಿಯುತ್ತದೆ ಅಲ್ವಾ, ಆಗ 500 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತಿದ್ದ ಮುಳ್ಳು ಸುಮಾರು 480ಕ್ಕೆ ಬಂದಿರುತ್ತದೆ. ತಂಪಾದ ಗ್ಯಾಸ್ ಕುಗ್ಗಿದ್ದು ಅದು, ಸೋರಿಕೆ ಅಲ್ಲ. ಬಿಸಿಲೇರಿದ ಮೇಲೆ ಮುಳ್ಳು ಮತ್ತೆ ಮೇಲೆ ಬರಬೇಕು. ಬರದಿದ್ದರೆ ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಬೇಕು.

ಮೂರನೆಯದು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನದನ್ನೆಲ್ಲ ಪಂಪಿನಿಂದ ಎಳೆದು ಖಾಲಿ ಮಾಡುವುದು. ಎಷ್ಟೋ ಕಡೆ ಇದನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ಅಥವಾ ಪಂಪೇ ತರುವುದಿಲ್ಲ. ವಾಲ್ವ್ ಸ್ವಲ್ಪ ತೆರೆದು ಯೂನಿಟ್‌ನ ಗ್ಯಾಸ್‌ನಿಂದಲೇ ಗಾಳಿ ತಳ್ಳಿಬಿಡುತ್ತಾರೆ. ಇದಕ್ಕೆ ಒಪ್ಪಬೇಡಿ. ಪೈಪಿನಲ್ಲಿ ಗಾಳಿ ಮಾತ್ರ ಅಲ್ಲ, ಪಸೆಯೂ ಇರುತ್ತದೆ. ಈಗಿನ ಎಸಿಗಳ ಆಯಿಲ್ ಪಸೆಯನ್ನು ಬೇಗ ಹೀರುತ್ತದೆ, ಹೀರಿ ಆಸಿಡ್ ಆಗುತ್ತದೆ, ಆಸಿಡ್ ಕಂಪ್ರೆಸರ್‌ನ ವೈಂಡಿಂಗ್ (ಮೋಟಾರಿನ ತಂತಿ ಸುತ್ತು) ತಿನ್ನುತ್ತದೆ. ಇದು ಆ ದಿನ ಗೊತ್ತಾಗುವುದಿಲ್ಲ. ವರ್ಷಗಳ ಮೇಲೆ ಕಂಪ್ರೆಸರ್ ಸುಟ್ಟಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ. ವ್ಯಾಕ್ಯೂಮ್ ಮಾಡುವುದು ಕುಕ್ಕರ್‌ಗೆ ಉಲ್ಟಾ ಕೆಲಸ. ಕುಕ್ಕರ್‌ನಲ್ಲಿ ಪ್ರೆಷರ್ ಜಾಸ್ತಿ, ಅದಕ್ಕೇ ನೀರು ಕುದಿಯಲು ನೂರಕ್ಕಿಂತ ಹೆಚ್ಚು ಡಿಗ್ರಿ ಬೇಕು. ಇಲ್ಲಿ ಪ್ರೆಷರ್ ತೆಗೆದರೆ ನೀರು ರೂಮಿನ ಬಿಸಿಗೇ ಕುದಿದು ಆವಿಯಾಗಿ ಪಂಪಿನಿಂದ ಹೊರಗೆ ಹೋಗುತ್ತದೆ.

ಬೆಂಗಳೂರಿನವರಿಗೆ ಇಲ್ಲೊಂದು ವಿಶೇಷ. ಪುಸ್ತಕದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ ಗೇಜ್‌ನ ಮುಳ್ಳು 30 ಇಂಚಿನ (ಪಾದರಸದ ಲೆಕ್ಕದಲ್ಲಿ) ಹತ್ತಿರ ಹೋಗಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಊರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಇಲ್ಲಿ ಮುಳ್ಳು 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಂಪ್ ಹಾಳಾಗಿದೆ ಅಂತ ಮೆಕ್ಯಾನಿಕ್ ಮೇಲೆ ರೇಗಬೇಡಿ. ಆದರೆ ಆ ಮುಳ್ಳು ನೋಡಿ ಸಾಕು ಅನ್ನುವುದೂ ತಪ್ಪು, ಪಸೆ ಹೋಗಿದೆಯಾ ಅಂತ ಅದು ಹೇಳುವುದಿಲ್ಲ. ಮೈಕ್ರಾನ್ ಗೇಜ್, ಅಂದರೆ ಪೈಪಿನೊಳಗೆ ಉಳಿದ ತೀರಾ ಸಣ್ಣ ಒತ್ತಡವನ್ನೂ ಅಳೆಯುವ ಮೀಟರ್, ಇದ್ದವರನ್ನೇ ಕರೆಸಿ. 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪಿನ ಕಡೆಯ ವಾಲ್ವ್ ಮುಚ್ಚಿ, ಸ್ವಲ್ಪ ಹೊತ್ತು ಬಿಡಬೇಕು. ಅಂಕಿ ಏರುತ್ತಲೇ ಹೋದರೆ ಸೋರಿಕೆ ಇದೆ. ಸ್ವಲ್ಪ ಏರಿ ನಿಂತರೆ ಪಸೆ ಉಳಿದಿದೆ, ಪಂಪ್ ಇನ್ನೂ ಓಡಬೇಕು.

ಗ್ಯಾಸ್ ತುಂಬುವಾಗ ತಕ್ಕಡಿ ಕೇಳಿ. ಎಷ್ಟು ಗ್ರಾಂ ಬೇಕು ಅಂತ ಯೂನಿಟ್ ಮೇಲಿನ ಫಲಕದಲ್ಲಿ ಬರೆದಿರುತ್ತದೆ, ಪೈಪ್ ಉದ್ದ ಜಾಸ್ತಿ ಇದ್ದರೆ ಮೀಟರಿಗೆ ಇಷ್ಟು ಸೇರಿಸಿ ಅಂತ ಕೈಪಿಡಿ ಹೇಳುತ್ತದೆ. ಪೈಪ್ ಮುಟ್ಟಿ ನೋಡಿ ತಣ್ಣಗಿದೆ ಅಂತ ನಿಲ್ಲಿಸುವುದು ಲೆಕ್ಕ ಅಲ್ಲ.

ಈಗ ಗ್ಯಾಸ್ ಬಗ್ಗೆಯೇ ಒಂದು ಎಚ್ಚರಿಕೆ. ಹಳೆಯ ಎಸಿಗಳಲ್ಲಿ ಆರ್22 ಇತ್ತು. ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತ ಹಂತವಾಗಿ ತೆಗೆಯುತ್ತಾ ಬಂದರು. ಈಗ ಹೊಸ ಯೂನಿಟ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಆರ್32 ಅಥವಾ ಆರ್410ಎ. ಇವುಗಳ ಪ್ರೆಷರ್ ಆರ್22ಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಹಾಗಾಗಿ ಹಳೆಯ ಗೇಜ್, ಹಳೆಯ ತೆಳು ಪೈಪ್ ನಡೆಯುವುದಿಲ್ಲ. ಆರ್32 ಕಮ್ಮಿ ಮಟ್ಟದಲ್ಲಾದರೂ ಬೆಂಕಿ ಹತ್ತುವ ಗ್ಯಾಸ್. ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ಕೂರುತ್ತದೆ. ರಿಪೇರಿ ಸಮಯದಲ್ಲಿ ಕಿಟಕಿ ಬಾಗಿಲು ತೆರೆದಿಡಿ, ದೇವರ ಮನೆಯ ದೀಪ, ಊದುಬತ್ತಿ ಆರಿಸಿ, ಯಾರೂ ಸಿಗರೇಟ್ ಹಚ್ಚಬಾರದು. ಪೈಪಿನಲ್ಲಿ ಗ್ಯಾಸ್ ಇರುವಾಗ ಬೆಸುಗೆ ಬೆಂಕಿ ತೋರಿಸಲೇಬಾರದು. ಹೊತ್ತಿಕೊಳ್ಳುವ ಭಯ ಒಂದು ಕಡೆ, ಜ್ವಾಲೆ ತಾಗಿದರೆ ಈ ಗ್ಯಾಸ್‌ಗಳು ಒಡೆದು ವಿಷದ ಹೊಗೆ ಬರುತ್ತದೆ ಅನ್ನುವುದು ಇನ್ನೊಂದು ಕಡೆ. ಒಂದು ಗ್ಯಾಸ್ ಇರುವ ಯೂನಿಟ್‌ಗೆ ಸಿಕ್ಕಿದ ಇನ್ನೊಂದು ಗ್ಯಾಸ್ ತುಂಬಿಸುವುದಂತೂ ಬೇಡವೇ ಬೇಡ.

ಕರೆಂಟಿನ ವಿಷಯಕ್ಕೆ ಬರೋಣ. ಒಂದು ಟನ್ ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್‌ನಷ್ಟು ತಂಪು, ಅಷ್ಟು ಕರೆಂಟ್ ಅಲ್ಲ. ನಿಮ್ಮ ಹಾಲ್ ಮತ್ತು ಮೂರು ರೂಮಿಗೆ ಐದು ಟನ್ ಹಿಡಿದರೂ ಎಳೆಯುವುದು ಐದಾರು ಕಿಲೋವ್ಯಾಟ್ ಇರಬಹುದು. ಬೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಎಸಿ ಬರುವ ಮೊದಲೇ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕ ಹೆಚ್ಚಿಸಿಕೊಳ್ಳಿ. ಎಸಿಗೆ ಬೇರೆಯೇ ಲೈನ್, ಬೇರೆಯೇ ಎಂಸಿಬಿ, ಸರಿಯಾದ ಅರ್ಥಿಂಗ್ ಇರಲಿ. ಔಟ್‌ಡೋರ್ ಯೂನಿಟ್ ಪಕ್ಕದಲ್ಲೇ ಕೈಗೆ ಸಿಗುವ ಹಾಗೆ ಒಂದು ಐಸೊಲೇಟರ್ ಸ್ವಿಚ್ (ಯೂನಿಟ್‌ಗೆ ಬರುವ ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್) ಹಾಕಿಸಿ. ಮೇಲೆ ಕೆಲಸ ಮಾಡುವ ಹುಡುಗನ ಜೀವ ಅದರಲ್ಲಿದೆ. ರಿಮೋಟಿನಲ್ಲಿ ಆಫ್ ಮಾಡಿದರೆ ಎಸಿ ನಿಲ್ಲುತ್ತದೆ ಅಷ್ಟೇ, ಒಳಗೆ ಕರೆಂಟ್ ಇದ್ದೇ ಇರುತ್ತದೆ. ಮೇನ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಹಾಗಾಗಿ ಔಟ್‌ಡೋರ್ ಮುಚ್ಚಳ ತೆಗೆಯುವ ಸಾಹಸ ಮನೆಯವರು ಯಾರೂ ಮಾಡಬೇಡಿ.

ಔಟ್‌ಡೋರ್ ಯೂನಿಟ್ಟನ್ನು ಟೆರೇಸಿನಲ್ಲೋ ಬಾಲ್ಕನಿಯಲ್ಲೋ ನಿಂತು ಕೆಲಸ ಮಾಡುವ ಜಾಗದಲ್ಲಿ ಇಡಿ. ಅಂದ ಕೆಡುತ್ತದೆ ಅಂತ ಮೂರನೇ ಮಹಡಿಯ ಹೊರಗೋಡೆಗೆ ನೇತು ಹಾಕಿಸುತ್ತಾರೆ, ಆಮೇಲೆ ಪ್ರತಿ ಸರ್ವಿಸ್‌ಗೂ ಒಬ್ಬ ಹುಡುಗ ಸಜ್ಜದ ಮೇಲೆ ಒಂದು ಕಾಲಿಟ್ಟು ಜೋತಾಡಬೇಕು. ಅಂಥ ಜಾಗದಲ್ಲಿ ಬೆಲ್ಟ್ ಕಟ್ಟದೆ ಹತ್ತಲು ಬಿಡಬೇಡಿ. ಅವನು "ಪರವಾಗಿಲ್ಲ ಸರ್, ಅಭ್ಯಾಸ ಇದೆ" ಅನ್ನುತ್ತಾನೆ. ಆದರೂ ಬಿಡಬೇಡಿ.

ಹಾಗಾದರೆ ಎಎಂಸಿ ಬೇಡವಾ? ಬೇಕು, ಆದರೆ ಗ್ಯಾಸಿಗಲ್ಲ, ಕ್ಲೀನಿಂಗ್‌ಗೆ. ಮೆಟ್ರೋ ಕೆಲಸ, ಪಕ್ಕದ ಸೈಟಿನ ಕಟ್ಟಡ, ಬೆಂಗಳೂರಿನ ಧೂಳಿಗೆ ಕೊರತೆ ಇಲ್ಲ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಒಳಗಿನ ಕಾಯಿಲ್ ಮೇಲೆ ಐಸ್ ಕೂರುತ್ತದೆ. ಎಸಿ ತಣ್ಣಗಾಗುವುದಿಲ್ಲ, ಬಂದವರು ಗ್ಯಾಸ್ ಹೋಗಿದೆ ಅನ್ನುತ್ತಾರೆ. ಆಗ ಸುಮ್ನೆ ತಲೆ ಆಡಿಸಬೇಡಿ. ಮೊದಲು ಕೂಲಿಂಗ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ ಐಸ್ ಕರಗಿಸಿ, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ, ಮತ್ತೆ ಆನ್ ಮಾಡಿ ನೋಡಿ. ಗಾಳಿ ಒಳಗೆ ಹೋಗುವ ಗ್ರಿಲ್ ಹತ್ತಿರ ಒಂದು ಥರ್ಮಾಮೀಟರ್, ಹೊರಗೆ ಬರುವ ಗ್ರಿಲ್ ಹತ್ತಿರ ಒಂದು ಹಿಡಿದರೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಅಷ್ಟಿದ್ದರೆ ಗ್ಯಾಸ್ ಮಾತು ಸದ್ಯಕ್ಕೆ ಬೇಡ. ಇಲ್ಲದಿದ್ದರೆ, ಎಲ್ಲಿ ಸೋರುತ್ತಿದೆ ತೋರಿಸಿ, ಆಮೇಲೆ ತುಂಬಿಸೋಣ ಅನ್ನಿ.

ಬೇಸಿಗೆಯಲ್ಲಿ ಫಿಲ್ಟರ್ ತಿಂಗಳಿಗೊಮ್ಮೆಯಾದರೂ ನೀವೇ ತೊಳೆಯಬಹುದು. ಔಟ್‌ಡೋರ್ ಹಿಂದೆ ಪಾರಿವಾಳ ಗೂಡು ಕಟ್ಟಿದೆಯಾ ಅಂತ ನೋಡಿಕೊಳ್ಳಿ. ಕಾಯಿಲ್ ತೊಳೆಯುವುದು, ಡ್ರೈನ್ ಪೈಪ್ ಊದಿಸುವುದು, ಎಲೆಕ್ಟ್ರಿಕ್ ಸ್ಕ್ರೂ ಬಿಗಿ ಮಾಡುವುದು ಮೆಕ್ಯಾನಿಕ್ ಕೆಲಸ. ಡ್ರೈನ್ ಪೈಪಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಆದರೂ ಇಳಿಜಾರು ಇರಬೇಕು, ಇಲ್ಲದಿದ್ದರೆ ಲೋಳೆ ಕಟ್ಟಿ ನೀರೆಲ್ಲ ಸೀಲಿಂಗ್ ಮೇಲೆ ಇಳಿಯುತ್ತದೆ. ಕೊಡಗಟ್ಟಲೆ ನೀರು ಸುರಿದು ಪರೀಕ್ಷೆ ಮಾಡಿಸಬಹುದು, ಬೋರ್ಡ್ ಮುಚ್ಚುವ ಮೊದಲು ಮಾಡಿಸಿ.

ನಿಮ್ಮ ಮನೆಯಲ್ಲಿ ಇನ್ನೂ ಬೋರ್ಡ್ ಮುಚ್ಚಿಲ್ಲ ಅಲ್ವಾ, ಅದೇ ಸಮಾಧಾನ. ಕಂಟ್ರಾಕ್ಟರ್ ಜೊತೆ ಜಗಳ ಬೇಡ, ನೈಟ್ರೋಜನ್ ಟೆಸ್ಟ್, ಮೈಕ್ರಾನ್ ಗೇಜ್, ಗ್ಯಾಸಿನ ತೂಕ ಮೂರನ್ನೂ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಇಂಡೋರ್ ಯೂನಿಟ್ ಕೆಳಗೆ ಒಬ್ಬ ಆಳು ಎದೆವರೆಗೂ ಒಳಗೆ ಹೋಗುವಷ್ಟು ದೊಡ್ಡ ಟ್ರ್ಯಾಪ್ ಡೋರ್ ಬಿಡಿಸಿ. ಬೋರ್ಡ್ ಹೊಡೆಯುವವರು ಬರುವ ಹಿಂದಿನ ದಿನ ಏಣಿ ಹಾಕಿ, ಪೈಪ್ ಹೋದ ದಾರಿಯನ್ನೂ ಪ್ರತಿಯೊಂದು ಜಾಯಿಂಟನ್ನೂ ಪಕ್ಕದಲ್ಲಿ ಟೇಪ್ ಹಿಡಿದು, ಗೋಡೆಯಿಂದ ಎಷ್ಟು ಅಡಿ ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ.